ರಾಯಚೂರಿನ ಬಿಸಿಲು ಮತ್ತು ನಮ್ಮೊಳಗಿನ ಗ್ರಂಥಿಗಳು

ಎಲ್ಲರಿಗೂ ನಮಸ್ಕಾರ. ಹೊರಗೆ ಝಳ ಇನ್ನೂ ಇಳಿದಿಲ್ಲ, ಆದರೂ ಇಷ್ಟು ಜನ ಬಂದಿದ್ದೀರಿ. ಮಾತನ್ನು ಆ ಬಿಸಿಲಿನಿಂದಲೇ ಶುರು ಮಾಡುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಆ ಹೊತ್ತಿನಲ್ಲಿ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿಯ ಮೈಯಿಂದ ಗಂಟೆಗೆ 1 ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ನಡುನಡುವೆ ಅವರು ನೀರು ಕುಡಿಯುತ್ತಾರೆ, ಮಜ್ಜಿಗೆ ಕುಡಿಯುತ್ತಾರೆ, ರೊಟ್ಟಿ ಉಣ್ಣುತ್ತಾರೆ. ಯಾವುದನ್ನೂ ಅಳೆದು ತೂಗಿ ಅಲ್ಲ. ಹಾಗಿದ್ದರೂ ಆರೋಗ್ಯವಂತರಾಗಿದ್ದರೆ ಅವರ ರಕ್ತದ ಸೋಡಿಯಂ ಬೆಳಿಗ್ಗೆಯೂ ಸಂಜೆಯೂ ಲೀಟರಿಗೆ 135ರಿಂದ 145 ಮಿಲಿಮೋಲ್‌ಗಳ ಒಳಗೇ ಇರುತ್ತದೆ. ಈ ಲೆಕ್ಕ ಇಡುವವರು ಯಾರು?

ಮೆದುಳಿನ ತಳದಲ್ಲಿ ಹೈಪೊಥಲಮಸ್ ಎಂಬ ಭಾಗವಿದೆ. ಅಲ್ಲಿರುವ ಕೆಲವು ಜೀವಕೋಶಗಳು ರಕ್ತ ಎಷ್ಟು ಗಾಢವಾಗಿದೆ ಎಂಬುದನ್ನು ಸದಾ ಗಮನಿಸುತ್ತಿರುತ್ತವೆ. ನೂರಕ್ಕೆ ಒಂದೆರಡು ಪಾಲು ಗಾಢವಾದರೂ ಸಾಕು, ಅವಕ್ಕೆ ತಿಳಿಯುತ್ತದೆ. ಕೂಡಲೇ ಎರಡು ಕೆಲಸ ಆಗುತ್ತವೆ. ನಿಮಗೆ ಬಾಯಾರಿಕೆಯಾಗುತ್ತದೆ. ಜೊತೆಗೆ, ಹೈಪೊಥಲಮಸ್‌ಗೆ ಅಂಟಿಕೊಂಡು ಇಳಿಬಿದ್ದಿರುವ, ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು, ಅಂದರೆ ರಕ್ತದ ಮೂಲಕ ಸುದ್ದಿ ಒಯ್ಯುವ ರಾಸಾಯನಿಕ, ರಕ್ತಕ್ಕೆ ಸೇರುತ್ತದೆ.

ಅದು ಕಿಡ್ನಿಗೆ ಹೋಗಿ ಮಾಡುವ ಕೆಲಸ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ ಲೀಟರಿನ ಆಸುಪಾಸು, ಉಳಿದದ್ದೆಲ್ಲ ಮರಳಿ ರಕ್ತಕ್ಕೆ. ಕಿಡ್ನಿಯ ಕೊನೆಯ ನಾಳಗಳ ಗೋಡೆಯಲ್ಲಿ ನೀರಿಗೆಂದೇ ಇರುವ ಸೂಕ್ಷ್ಮ ದಾರಿಗಳಿವೆ, ಹೆಸರು ಅಕ್ವಾಪೊರಿನ್. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ವ್ಯಾಸೋಪ್ರೆಸಿನ್ ಬಂದಾಗ ಅಲ್ಲಿ ಈ ದಾರಿಗಳು ಹೆಚ್ಚಾಗುತ್ತವೆ, ನೀರು ಒಳಕ್ಕೆ ಮರಳುತ್ತದೆ. ಮೂತ್ರ ಹಳದಿಯಾಗಿ, ದಿನಕ್ಕೆ ಅರ್ಧ ಲೀಟರಿಗೆ ಇಳಿಯಬಹುದು. ಈ ಹಾರ್ಮೋನು ಹುಟ್ಟದ ಕಾಯಿಲೆಯೂ ಇದೆ. ಅದು ತೀವ್ರವಾಗಿದ್ದವರಿಗೆ ದಿನಕ್ಕೆ 15 ಲೀಟರಿನಷ್ಟು ಮೂತ್ರ ಹೋಗುವುದುಂಟು.

ಆದರೆ ಹಾರ್ಮೋನು ಇದ್ದ ನೀರನ್ನು ಉಳಿಸಬಲ್ಲದೇ ಹೊರತು ನೀರನ್ನು ಹುಟ್ಟಿಸಲಾರದು. ಈ ಮಾತನ್ನು ಭತ್ತದ ನಾಟಿಗೆ, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ನೆನೆದು ಹೇಳುತ್ತಿದ್ದೇನೆ. ಹೊಲದಲ್ಲಿ ಮರೆಯಿಲ್ಲ, ಶೌಚಾಲಯವಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದವರು ಎಷ್ಟೋ ಮಂದಿ. ಆ ಹೊತ್ತೆಲ್ಲ ಅವರ ದೇಹ ವ್ಯಾಸೋಪ್ರೆಸಿನ್ ಸುರಿಸಿ ಸುರಿಸಿ ಹೇಗೋ ನಿಭಾಯಿಸುತ್ತದೆ. ಮೂತ್ರ ಗಟ್ಟಿಯಾಗಿ ಕಿಡ್ನಿಯಲ್ಲಿ ಹರಳು ಕಟ್ಟಲು, ಸೋಂಕು ಹಿಡಿಯಲು ದಾರಿಯಾಗುತ್ತದೆ. ಇದು ಅವರ ತಪ್ಪಲ್ಲ. ಕೆಲಸಕ್ಕೆ ಕರೆಯುವವರು ನೀರಿನ ಜೊತೆ ಮರೆಯನ್ನೂ ಒದಗಿಸಬೇಕು. ಇನ್ನೊಂದು ಮಾತು: ಸಾರಾಯಿ, ಬೀರು ಈ ಹಾರ್ಮೋನನ್ನು ತಡೆಯುತ್ತವೆ. ಬಿಸಿಲಿನ ದಣಿವಿಗೆಂದು ಕುಡಿದವರ ಮೈಯಲ್ಲಿ ಇದ್ದ ನೀರೂ ಹೋಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಅವರು ಕೇಳುವವರೆಗೆ ಕಾಯಬೇಡಿ, ನೀವೇ ಕೊಡಿ.

ಉಪ್ಪಿನ ಲೆಕ್ಕ ಬೇರೆಯವರದು. ಕಿಡ್ನಿಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಆಲ್ಡೊಸ್ಟೆರೋನ್ ಎಂಬ ಹಾರ್ಮೋನು ಬರುತ್ತದೆ, ಕಿಡ್ನಿಯಲ್ಲೂ ಬೆವರಿನಲ್ಲೂ ಸೋಡಿಯಂ ಉಳಿಸುತ್ತದೆ. ತಂಪು ಊರಿನಿಂದ ಬಂದವರ ಬೆವರು ಮೊದಲ ದಿನಗಳಲ್ಲಿ ಬಹಳ ಉಪ್ಪಾಗಿರುತ್ತದೆ. ಒಂದೆರಡು ವಾರ ಬಿಸಿಲಿನಲ್ಲಿ ದುಡಿದ ಮೇಲೆ ಅದೇ ಮೈ ಬೆವರಿನ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಕಲಿಯುತ್ತದೆ. ಅದಕ್ಕೇ ಹೊಸಬರಿಗೆ ಮೊದಲ ವಾರ ಕೆಲಸ ಕಡಿಮೆ, ನೆರಳು ಹೆಚ್ಚು ಇರಲಿ.

ಇಲ್ಲಿಯವರೆಗೆ ಹಾರ್ಮೋನು ಏನು ಮಾಡುತ್ತದೆ ಎಂದು ಹೇಳಿದೆ. ಅದಕ್ಕಿಂತ ದೊಡ್ಡದು, ಅದು ಯಾವಾಗ ನಿಲ್ಲುತ್ತದೆ ಎಂಬುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಇಲ್ಲಿದ್ದೀರಿ. ತುದಿಯ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬ ಸುದ್ದಿ ಮೇಲಿನ ಗೇಟಿಗೆ ತಲುಪದಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ದೇಹದಲ್ಲಿ ಆ ಸುದ್ದಿಯನ್ನು ರಕ್ತವೇ ಹೊತ್ತು ತರುತ್ತದೆ. ಪಿಟ್ಯುಟರಿಯಿಂದ ಟಿಎಸ್ಎಚ್ ಎಂಬ ಹಾರ್ಮೋನು ಹೊರಟು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಎಬ್ಬಿಸುತ್ತದೆ. ಥೈರಾಯ್ಡ್ ತಯಾರಿಸಿದ ಹಾರ್ಮೋನು ಮರಳಿ ಪಿಟ್ಯುಟರಿಗೆ ತಲುಪಿ ‘ಇನ್ನು ಸಾಕು’ ಎನ್ನುತ್ತದೆ. ಥೈರಾಯ್ಡ್ ಸೊರಗಿದರೆ ‘ಸಾಕು’ ಎನ್ನುವವರಿಲ್ಲ, ಟಿಎಸ್ಎಚ್ ಏರುತ್ತಲೇ ಹೋಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಟಿಎಸ್ಎಚ್ ಹೆಚ್ಚೆಂದಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದರ್ಥ.

‘ರಿಪೋರ್ಟ್ ನಾರ್ಮಲ್ ಬಂತು ರೀ, ಗುಳಿಗೆ ಬಿಟ್ಟೆ’ ಎನ್ನುವವರಿದ್ದಾರೆ. ಆ ನಾರ್ಮಲ್ ಬಂದಿದ್ದು ಗುಳಿಗೆಯಿಂದ. ಆ ಗುಳಿಗೆಯಲ್ಲಿರುವ ಥೈರಾಯ್ಡ್ ಹಾರ್ಮೋನು, ಥೈರಾಕ್ಸಿನ್, ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಆದ್ದರಿಂದ ಬಿಟ್ಟ ಮರುದಿನ ಏನೂ ಗೊತ್ತಾಗುವುದಿಲ್ಲ. ಡೋಸ್ ಬದಲಿಸಿದ ಮೇಲೆ 6ರಿಂದ 8 ವಾರ ಕಾದು ಪರೀಕ್ಷೆ ಮಾಡಿಸಿ ಎನ್ನುವುದೂ ಇದಕ್ಕೇ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಲು ಬಂದ ವಿಷಯ. ಅಡ್ರಿನಲ್ ಗ್ರಂಥಿಗಳು ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಕಾರ್ಟಿಸಾಲ್ ಎಂಬ ಹಾರ್ಮೋನನ್ನೂ ತಯಾರಿಸುತ್ತವೆ. ಬೆಳಗಿನ ಜಾವ ಅದು ಏರುತ್ತದೆ, ನಡುರಾತ್ರಿ ಇಳಿಯುತ್ತದೆ. ರಕ್ತದೊತ್ತಡ, ಸಕ್ಕರೆ, ಕಾಯಿಲೆಯನ್ನು ಎದುರಿಸುವ ಕಸುವು ಎಲ್ಲಕ್ಕೂ ಅದು ಬೇಕು. ಮೊಣಕಾಲು ನೋವಿಗೆಂದು, ಸೊಂಟದ ನೋವಿಗೆಂದು ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಗುಳಿಗೆ ತಿನ್ನುವ ರೂಢಿ ನಮ್ಮ ಕಡೆ ಹೋಗಿಲ್ಲ. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಔಷಧ, ಇರಬಹುದೆಂದು ಅನುಮಾನಿಸಿ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕಾರ್ಟಿಸಾಲ್‌ಗಿಂತ ಸುಮಾರು 25 ಪಟ್ಟು ಪ್ರಬಲ. ಅರ್ಧ ಮಿಲಿಗ್ರಾಂನ ಒಂದು ಸಣ್ಣ ಗುಳಿಗೆ ನಿಮ್ಮ ಗ್ರಂಥಿಗಳ ಇಡೀ ದಿನದ ದುಡಿಮೆಗೆ ಸಮ.

ಪಿಟ್ಯುಟರಿಗೆ ಇದು ಹೊರಗಿನದು ಎಂದು ತಿಳಿಯುವುದಿಲ್ಲ. ‘ಸಾಕಷ್ಟಿದೆ’ ಎಂದುಕೊಂಡು, ಅಡ್ರಿನಲ್‌ಗಳನ್ನು ಎಬ್ಬಿಸುವ ಕರೆ ನಿಲ್ಲಿಸಿ ಸುಮ್ಮನಾಗುತ್ತದೆ. ತಿಂಗಳುಗಟ್ಟಲೆ ಕರೆ ಬಾರದ ಅಡ್ರಿನಲ್ ಗ್ರಂಥಿಗಳು ಸೊರಗಿ ಕುಗ್ಗುತ್ತವೆ. ಮುಖ ದುಂಡಗಾಗುತ್ತದೆ, ಹೊಟ್ಟೆ ಬೆಳೆಯುತ್ತದೆ, ಕೈಕಾಲು ಬಡಕಲಾಗುತ್ತವೆ, ಚರ್ಮ ತೆಳುವಾಗಿ ಮುಟ್ಟಿದರೆ ಕಂದುಗಟ್ಟುತ್ತದೆ. ‘ಗುಳಿಗೆ ತಗೊಂಡ ಮ್ಯಾಲೆ ಮೈ ತುಂಬಿಕೊಂಡಾನ’ ಎಂದು ಮನೆಯವರು ಸಂತೋಷಪಡುತ್ತಾರೆ. ನನಗೆ ಅದು ತುಂಬ ಸಂಕಟದ ಮಾತು. ಆಮೇಲೆ ಒಂದು ದಿನ ದುಡ್ಡಿಲ್ಲವೆಂದೋ, ಯಾರೋ ಬೇಡವೆಂದರೆಂದೋ ಥಟ್ಟನೆ ನಿಲ್ಲಿಸುತ್ತಾರೆ. ಒಳಗಿನ ಗ್ರಂಥಿ ಏಳಲು ತಿಂಗಳುಗಳೇ ಬೇಕಾಗಬಹುದು. ಆ ನಡುವೆ ಒಂದು ಜ್ವರವೋ ವಾಂತಿಭೇದಿಯೋ ಬಂದರೆ ರಕ್ತದೊತ್ತಡ ಕುಸಿದು, ಮಂಪರು ಕವಿದು ಜೀವಕ್ಕೇ ಕುತ್ತು. ಹೀಗಾಗಿ ಅಂಥ ಗುಳಿಗೆ ಬಹುಕಾಲ ತಿಂದವರು ತಾವಾಗಿ ನಿಲ್ಲಿಸಬೇಡಿ. ಗುಳಿಗೆಯನ್ನೂ ಜೊತೆಗೆ ತೆಗೆದುಕೊಂಡು ವೈದ್ಯರ ಬಳಿ ಹೋಗಿ, ಅವರು ಹಂತಹಂತವಾಗಿ ಇಳಿಸುತ್ತಾರೆ. ಉಬ್ಬಸಕ್ಕೆ, ಕಿಡ್ನಿ ಕಾಯಿಲೆಗೆ ತಜ್ಞರೇ ಬರೆದುಕೊಟ್ಟ ಸ್ಟೀರಾಯ್ಡ್ ಎಷ್ಟೋ ಜೀವ ಉಳಿಸುತ್ತದೆ. ಹೆದರಿ ಅದನ್ನು ಬಿಡಬೇಡಿ.

ಗ್ರಂಥಿಯೇ ಕೈಕೊಟ್ಟರೆ ಹೊರಗಿನಿಂದ ಕೊಡುವುದೇ ಬದುಕು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು, ರಕ್ತದ ಸಕ್ಕರೆ ಇಳಿಸುವ ಹಾರ್ಮೋನಾದ ಇನ್ಸುಲಿನ್ ಅನ್ನು ಬೇರ್ಪಡಿಸುವ ಕೆಲಸ ಶುರು ಮಾಡಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗ ಅದನ್ನು ಚುಚ್ಚಿಸಿಕೊಂಡ ಮೊದಲಿಗನಾದ. ಅಲ್ಲಿಯವರೆಗೆ, ಮೈಯಲ್ಲಿ ಇನ್ಸುಲಿನ್ ಹುಟ್ಟದ ಟೈಪ್ 1 ಮಧುಮೇಹದ ಮಕ್ಕಳಿಗೆ ಉಳಿಗಾಲವಿರಲಿಲ್ಲ. ಆದರೆ ಇನ್ಸುಲಿನ್ ಒಂದು ಪ್ರೋಟೀನು, ನಮ್ಮ ಬಿಸಿಲು ಅದಕ್ಕೆ ಆಗದು. ಫ್ರಿಜ್ ಇಲ್ಲದ ಮನೆಯಲ್ಲಿ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಮರಳಿನಲ್ಲಿ ಕೂರಿಸಿದ ಸಣ್ಣ ಮಣ್ಣಿನ ಮಡಕೆಯೊಳಗೆ, ನೆರಳಿನಲ್ಲಿಡಿ. ಮರಳು ಒಣಗದಂತೆ ನೋಡಿಕೊಳ್ಳಿ. ಫ್ರಿಜ್ ಇದ್ದವರು ಫ್ರೀಜರಿನಲ್ಲಿಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ.

ಕೊನೆಗೆ ಬಸುರಿಯರಿಗೆ ಮತ್ತು ಅವರ ಮನೆಯವರಿಗೆ. ಕೆಲವು ಮಕ್ಕಳು ಥೈರಾಯ್ಡ್ ಇಲ್ಲದೆ, ಇಲ್ಲವೇ ಅದು ಸರಿಯಾಗಿ ಕೆಲಸ ಮಾಡದೆ ಹುಟ್ಟುತ್ತವೆ. ನಮ್ಮ ದೇಶದಲ್ಲಿ ಸುಮಾರು ಸಾವಿರಕ್ಕೆ ಒಂದು ಮಗು. ಹುಟ್ಟಿದಾಗ ನೋಡಲು ಚೆನ್ನಾಗಿಯೇ ಇರುತ್ತವೆ. ಚಿಕಿತ್ಸೆ ತಡವಾದರೆ ಬುದ್ಧಿ ಬೆಳೆಯುವುದಿಲ್ಲ, ಆಮೇಲೆ ಎಷ್ಟು ಗುಳಿಗೆ ಕೊಟ್ಟರೂ ಹೋದದ್ದು ಬಾರದು. ಹುಟ್ಟಿದ 2-3 ದಿನಕ್ಕೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಟಿಎಸ್ಎಚ್ ನೋಡಿದರೆ ಗೊತ್ತಾಗುತ್ತದೆ. ಆಸ್ಪತ್ರೆಯಿಂದ ಹೊರಡುವ ಮುಂಚೆ ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಆಗಿರದಿದ್ದರೆ ಮಾಡಿಸಿ. ಕೊರತೆ ಕಂಡರೆ ಮೊದಲ ಎರಡು ವಾರದೊಳಗೆ ಥೈರಾಕ್ಸಿನ್ ಶುರುವಾಗಬೇಕು. ಗುಳಿಗೆಯನ್ನು ಪುಡಿ ಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಕುಡಿಸಿ. ಬಾಟಲಿ ತುಂಬ ಹಾಲಿಗೆ ಬೆರೆಸಬೇಡಿ, ಮಗು ಅರ್ಧ ಬಿಟ್ಟರೆ ಡೋಸೂ ಅರ್ಧವೇ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.