ರಾತ್ರಿ ಗಂಜಿ ಮಾತ್ರ, ಬೆಳಗ್ಗೆ ಶುಗರ್ ಜಾಸ್ತಿ! ಯಾಕೆ?

[ದೃಶ್ಯ: ಮಂಗಳೂರಿನ ಕದ್ರಿ ಪಾರ್ಕ್, ಬೆಳಗಿನ ವಾಕಿಂಗ್]

ನಮಸ್ಕಾರ. "ರಾತ್ರಿ ಬರೀ ಗಂಜಿ ಕುಡಿದು ಮಲಗಿದ್ದು ಮಾರಾಯ್ರೆ, ಆದರೂ ಖಾಲಿ ಹೊಟ್ಟೆಯ ಫಾಸ್ಟಿಂಗ್ ಶುಗರ್ 108 ಬಂತು!" ಈ ಮಾತು ನಮ್ಮೂರಿನ ಎಲ್ಲ ಲ್ಯಾಬ್‌ಗಳ ಮುಂದೆಯೂ ಕೇಳಿಸುತ್ತದೆ. ಹೇಳುವವರಿಗೆ ಡಯಾಬಿಟಿಸ್ ಇಲ್ಲ, ಕುಡಿತ ಇಲ್ಲ, ನೋಡಲಿಕ್ಕೆ ದಪ್ಪವೂ ಇಲ್ಲ. ಹಾಗಾದರೆ ಆ ಸಕ್ಕರೆ ಎಲ್ಲಿಂದ ಬಂತು?

ಲಿವರ್‌ನಿಂದ.

ನಾವು ಮಲಗಿದಾಗಲೂ ಮೆದುಳಿಗೆ ಗ್ಲೂಕೋಸ್ ಬೇಕು. ಅದಕ್ಕಾಗಿ ಲಿವರ್ ತಾನು ಕೂಡಿಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಅದು ಅತಿಯಾಗದಂತೆ ತಡೆಯುವುದು ಇನ್ಸುಲಿನ್. ಲಿವರ್‌ನಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಮಾತು ಅಲ್ಲಿ ನಡೆಯುವುದಿಲ್ಲ. ಬೇಡ ಎಂದರೂ ಗ್ಲೂಕೋಸ್ ಬರುತ್ತಲೇ ಇರುತ್ತದೆ.

[ಪರದೆಯಲ್ಲಿ: ಲಿವರ್ ಮತ್ತು ಮೇದೋಜೀರಕ ಗ್ರಂಥಿಯ ಚಿತ್ರ]

ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಹಾಗಾಗಿ ಎಷ್ಟೋ ವರ್ಷ ರಿಪೋರ್ಟ್ ನಾರ್ಮಲ್ ಆಗಿಯೇ ಬರಬಹುದು. ಆದರೆ ಇನ್ಸುಲಿನ್ ಹೆಚ್ಚಾದಷ್ಟೂ ಲಿವರ್ ಸಕ್ಕರೆಯನ್ನು ಕೊಬ್ಬು ಮಾಡುವ ಕೆಲಸವನ್ನೂ ಜೋರು ಮಾಡುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಇದೇ, ಏನೂ ಗೊತ್ತಾಗದೆ ಕಳೆಯುವ ಈ ವರ್ಷಗಳು.

ಇದು ದಪ್ಪ ಇರುವವರ ಸಮಸ್ಯೆ ಅಂದುಕೊಂಡಿರಾ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರು ಆರೋಗ್ಯವಾಗಿದ್ದ, ತೆಳ್ಳಗಿನ ಯುವಕರು. ಅವರಲ್ಲೂ ಭಾರತೀಯ ಮೂಲದವರ ಲಿವರ್‌ನಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಕೊಬ್ಬು ಕಂಡಿತು! ಅದಕ್ಕೇ ನಮಗೆ ತೂಕದ ಜೊತೆ ಸೊಂಟದ ಸುತ್ತಳತೆಯೂ ಮುಖ್ಯ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ.

ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದು ಬಂದರೆ "ಅದು ಎಲ್ಲರಿಗೂ ಇರ್ತದೆ" ಎಂದು ಫೈಲ್ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲಿವರ್‌ನಲ್ಲಿ ಕೊಬ್ಬು ಸುಮಾರು 5 ಶೇಕಡ ದಾಟಿದರೇ ಫ್ಯಾಟಿ ಲಿವರ್. ಸಾಮಾನ್ಯ ಅಲ್ಟ್ರಾಸೌಂಡ್‌ಗೆ ಅಷ್ಟು ಸಣ್ಣ ಪ್ರಮಾಣ ಸರಿಯಾಗಿ ಕಾಣುವುದೇ ಇಲ್ಲ. ಕಂಡಿದೆ ಎಂದರೆ ಆಗಲೇ ಸಾಕಷ್ಟು ಸೇರಿರುತ್ತದೆ.

[ದೃಶ್ಯ: ಹೋಟೆಲ್ ಮೇಜಿನ ಮೇಲೆ ಬನ್ಸ್, ಗೋಳಿಬಜೆ, ಚಹಾ]

ಸಂಜೆ ನಾಲ್ಕಕ್ಕೆ ಬನ್ಸ್, ಸಿಹಿ ಚಹಾ, ವಾರಾಂತ್ಯಕ್ಕೆ ಗಡ್‌ಬಡ್ ಐಸ್‌ಕ್ರೀಮ್. ಅಪರೂಪಕ್ಕಾದರೆ ಸರಿ, ದಿನಾ ಆದರೆ ಕಷ್ಟ. ಕೊಬ್ಬು ಸೇರಲು ಎಣ್ಣೆಯೊಂದೇ ಕಾರಣ ಅಲ್ಲ. ಬೇಕಾದ್ದಕ್ಕಿಂತ ಜಾಸ್ತಿ ತಿಂದ ಮೈದಾ, ಅನ್ನ, ಸಕ್ಕರೆಯೂ ಅಲ್ಲಿ ಕೊಬ್ಬಾಗುತ್ತದೆ. ಕುಚ್ಚಲಕ್ಕಿ ಅನ್ನ ಬಿಡಬೇಕಿಲ್ಲ. ಒಂದು ಸೌಟು ಕಡಿಮೆ ಬಡಿಸಿಕೊಂಡು, ಆ ಜಾಗಕ್ಕೆ ಬಸಳೆ ಪದಾರ್ಥವೋ ಬಂಗುಡೆ ಪುಳಿಮುಂಚಿಯೋ ಬರಲಿ.

ಖುಷಿಯ ವಿಷಯ ಏನೆಂದರೆ, ಲಿವರ್ ಕೊಬ್ಬು ಬೇಗ ಕರಗುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಪ್ರೊಫೆಸರ್ ರಾಯ್ ಟೇಲರ್ ತಂಡ 2011ರಲ್ಲಿ 11 ಮಂದಿ ಟೈಪ್ 2 ಡಯಾಬಿಟಿಸ್ ಇರುವವರಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಮಾತ್ರ ಕೊಟ್ಟು ನೋಡಿತು. ಒಂದೇ ವಾರದಲ್ಲಿ ಲಿವರ್ ಕೊಬ್ಬು ಸುಮಾರು 30 ಶೇಕಡ ಇಳಿಯಿತು, ಫಾಸ್ಟಿಂಗ್ ಶುಗರ್ ನಾರ್ಮಲ್‌ಗೆ ಬಂತು.

ಅಷ್ಟು ಕಠಿಣ ಪಥ್ಯ ಮನೆಯಲ್ಲಿ ನೀವಾಗಿಯೇ ಮಾಡಬೇಡಿ, ಅದು ವೈದ್ಯರ ನಿಗಾದಲ್ಲಿ ನಡೆದದ್ದು. ತೂಕ ಜಾಸ್ತಿ ಇರುವವರು 5 ಶೇಕಡ ಇಳಿಸಿದರೂ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆ ಕಿಲೋ. ತೂಕ ಇಳಿಯದಿದ್ದರೂ ದಿನಾ ಬಿರುಸಾಗಿ ನಡೆಯುವುದರಿಂದ ಲಾಭ ಇದ್ದೇ ಇದೆ.

ಫಾಸ್ಟಿಂಗ್ 100ರಿಂದ 125ರ ಒಳಗೆ ಬಂದರೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಕೂಡ ಮಾಡಿಸಿ, ಎರಡನ್ನೂ ವೈದ್ಯರಿಗೆ ತೋರಿಸಿ. ಈಗಾಗಲೇ ಶುಗರ್ ಅಥವಾ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕೇಳಿ. ಮಾತ್ರೆಯ ಡೋಸ್ ಬದಲಿಸಬೇಕಾಗಬಹುದು.