ತೆರೆ ಒಡೆಯದ ಜಾಗಕ್ಕೆ ಇಳಿಯಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ದಸರಾ ರಜೆ ಬಂತು. ಇನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಗಾಡಿಗಳೆಲ್ಲ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಗೋಕರ್ಣ, ಕಾರವಾರದ ಕಡೆ ಹೊರಡುತ್ತವೆ. ಹೋಗಿ ಬನ್ನಿ, ಸಂತೋಷ. ಈಜು ಕಲಿಸುವವನು ನಾನು, ನನ್ನದು ಒಂದೇ ಮಾತು. ಸಮುದ್ರದಲ್ಲಿ ತೆರೆ ಒಡೆಯದೆ ತಣ್ಣಗೆ ಕಾಣುವ ಜಾಗಕ್ಕೆ ಇಳಿಯಬೇಡಿ.

"ತೆರೆ ಜೋರಿದ್ದಲ್ಲೇ ಅಲ್ವಾ ಅಪಾಯ?" ಅಂತ ಎಲ್ಲರೂ ಕೇಳುತ್ತಾರೆ. ತೆರೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ? ದೊಡ್ಡ ಮಳೆಯಾದಾಗ ಹೊಲದ ನೀರೆಲ್ಲ ಬದು ಒಡೆದ ಜಾಗ ಹುಡುಕಿಕೊಂಡು ನುಗ್ಗುವ ಹಾಗೆ, ಈ ನೀರೂ ಮರಳು ದಿಬ್ಬಗಳ ನಡುವಿನ ತಗ್ಗು ಹಿಡಿದು ಸಮುದ್ರದ ಕಡೆ ಓಡುತ್ತದೆ. ಅಲ್ಲಿ ಆಳ ಜಾಸ್ತಿ, ಅದಕ್ಕೇ ತೆರೆ ಒಡೆಯುವುದು ಕಡಿಮೆ. ಎರಡೂ ಕಡೆ ಬಿಳಿ ನೊರೆ, ನಡುವೆ ಕಪ್ಪಾಗಿ ಕಾಣುವ ನೀರು. ಇದೇ ರಿಪ್ ಕರೆಂಟ್. ಜೋರಾದಾಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ಸ್‌ಗೆ ಹೋದವರೂ ಇದಕ್ಕೆ ಎದುರಾಗಿ ಈಜಿ ದಡ ಸೇರುವುದು ಆಗದ ಮಾತು.

ಹಾವೇರಿ ಕಡೆಯ ಹುಡುಗನೊಬ್ಬ ನಮ್ಮ ಜೊತೆ ಗೋಕರ್ಣಕ್ಕೆ ಬಂದಿದ್ದ. ವರದಾ ನದಿಯಲ್ಲಿ ಆಡಿ ಬೆಳೆದವನು. ಹುಷಾರು ಅಂದರೆ, "ನಂಗ ಈಸು ಬರ್ತೈತ್ರಿ ಸರ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಅಂದ. ನೀರಿನ ಅಂಚಿಗೆ ಹೊಸ ಚಪ್ಪಲಿ ಬಿಟ್ಟಿದ್ದ. ತೆರೆ ಬಂದು ಒಂದನ್ನು ಎಳೆದುಕೊಂಡಿತು. ಅದು ವಾಪಸ್ ಬರಲಿಲ್ಲ, ನೆಟ್ಟಗೆ ಒಳಗೇ ಹೊರಟಿತು. ನೀರು ಎತ್ತ ಹರಿಯುತ್ತಿದೆ ಅಂತ ಆ ಚಪ್ಪಲಿಯೇ ತೋರಿಸುತ್ತಿತ್ತು. ಇವನು ಅದರ ಹಿಂದೆ ಹೋದ. ಮೊಣಕಾಲು, ಸೊಂಟ, ಎದೆ, ಆಮೇಲೆ ಕಾಲಿಗೆ ನೆಲ ಸಿಗಲಿಲ್ಲ.

ತಿರುಗಿ ದಡದ ಕಡೆ ಈಜತೊಡಗಿದ. ಕೈ ಬೀಸಿದ್ದೇ ಬೀಸಿದ್ದು, ಒಂದಿಂಚೂ ಮುಂದೆ ಬರಲಿಲ್ಲ. ಆಮೇಲಾಮೇಲೆ ಬರೀ ತಲೆ ಕಾಣಿಸುತ್ತಿತ್ತು. ಬಲೆ ಸರಿಮಾಡುತ್ತ ಕೂತಿದ್ದ ಮೀನುಗಾರರೊಬ್ಬರು ಎದ್ದು ನಿಂತು, ಎರಡೂ ಕೈ ಪಕ್ಕಕ್ಕೆ ಬೀಸುತ್ತ "ಅಡ್ಡ ಹೋಗು, ಅಡ್ಡ ಹೋಗು" ಅಂತ ಕೂಗಿದರು. ಪುಣ್ಯಕ್ಕೆ ಕೇಳಿಸಿತು. ದಡಕ್ಕೆ ಸಮನಾಗಿ ಒಂದಷ್ಟು ದೂರ ಈಜಿದ. ನೊರೆ ಏಳುವ ಜಾಗ ಸಿಕ್ಕಿತು, ಅಲ್ಲಿಂದ ತೆರೆಗಳೇ ಅವನನ್ನು ದಡಕ್ಕೆ ನೂಕಿದವು. ಮರಳಿನ ಮೇಲೆ ಕೂತು, ಕೆಮ್ಮಿ ಕೆಮ್ಮಿ ಉಪ್ಪುನೀರು ಉಗುಳಿ, ಮೊದಲು ಕೇಳಿದ್ದು, "ಚಪ್ಪಲಿ ಸಿಕ್ತೇನ್ರಿ?"

ನೋಡಿ, ಈ ನೀರು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಜೀವ ಹೋಗುವುದು ಗಾಬರಿಯಿಂದ, ದಣಿವಿನಿಂದ. ಈಜುವ ಶಕ್ತಿ ಇಲ್ಲವಾ? ಸುಮ್ನೆ ಮಲಗಿದ ಹಾಗೆ ತೇಲಿ, ಒಂದು ಕೈ ಎತ್ತಿ ಬೀಸಿ. ತೆರೆ ಒಡೆಯುವ ಸಾಲು ದಾಟಿದ ಮೇಲೆ ಸೆಳೆತ ಸಡಿಲವಾಗುತ್ತದೆ. ಶಕ್ತಿ ಇದ್ದರೆ ಅಡ್ಡ ಈಜಿ. ದಡದ ಕಡೆ ಅಲ್ಲ, ಅಡ್ಡ!

ಸಮಯ ಆಯಿತು ಅಂತ ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಇಳಿಯುವ ಮೊದಲು ಎತ್ತರದಲ್ಲಿ ನಿಂತು ಹತ್ತು ನಿಮಿಷ ನೀರು ನೋಡಿ, ನೊರೆ ಎತ್ತ ಹೋಗುತ್ತದೆ ಅಂತ. ಕೆಂಪು ಬಾವುಟ ಕಂಡರೆ ಇಳಿಯಲೇಬೇಡಿ. ಮಳೆಗಾಲದಲ್ಲಿ ದಂಡೆಯ ಮೇಲೆ ಕೂತು ಗಿರ್ಮಿಟ್ ತಿನ್ನಿ, ಸಾಕು. ಕುಡಿದವರು ನೀರಿನ ಹತ್ತಿರವೂ ಸುಳಿಯಬೇಡಿ, ಇದನ್ನು ಎಷ್ಟು ಸಲ ಹೇಳಬೇಕೋ! ಯಾರಾದರೂ ಸಿಕ್ಕಿಬಿದ್ದರೆ ಹಿಂದೆಯೇ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಅವರ ಕಡೆ ಎಸೆಯಿರಿ, ಲೈಫ್‌ಗಾರ್ಡ್‌ಗೆ ಕೂಗಿ, 112ಕ್ಕೆ ಫೋನ್ ಮಾಡಿ. ನಮಸ್ಕಾರ.