ಬೇಕಂತಲೇ ಬಿಟ್ಟ ಅಪಶ್ರುತಿ

ಮೊದಲು ಈ ಸದ್ದು ಕೇಳಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಫೋನಿನ ಸ್ಪೀಕರ್‌ನಲ್ಲಿ ಇದು ಅರ್ಧ ಮಾತ್ರ ಕೇಳುತ್ತದೆ. ಕಂಚಿನ ಒಂದು ಪಟ್ಟಿ, ಅದರ ಮೇಲೆ ಮರದ ಸುತ್ತಿಗೆಯ ಒಂದೇ ಏಟು. ಟಿಂಗ್. ನೇರವಾದ, ತಣ್ಣಗಿನ ಸದ್ದು. ಈಗ ಪಕ್ಕದ ವಾದ್ಯದಲ್ಲಿ ಅದೇ ಜಾಗದ ಪಟ್ಟಿ. ಹೆಚ್ಚು ಕಮ್ಮಿ ಅದೇ ಸ್ವರ, ಒಂದು ಕೂದಲೆಳೆ ಮೇಲೆ. ಈಗ ಎರಡನ್ನೂ ಒಟ್ಟಿಗೆ ಹೊಡೆಯುತ್ತಾರೆ. ಕೇಳಿಸಿತಾ? ವಂವ್ ವಂವ್ ವಂವ್ ಅಂತ ಸದ್ದು ಒಳಗೊಳಗೇ ನಡುಗುತ್ತಿದೆ, ಅಲ್ವಾ?

ನಾನು ಇದನ್ನು ಮೊದಲು ಕೇಳಿದ್ದು ಬಾಲಿಯಲ್ಲಿ, ಉಬುದ್ ಪಕ್ಕದ ಒಂದು ಹಳ್ಳಿಯಲ್ಲಿ, ರಾತ್ರಿ ಊಟ ಮುಗಿಸಿ ಸುಮ್ನೆ ನಡೆಯುತ್ತಿದ್ದಾಗ. ಅಲ್ಲಿ ಕೇರಿಗೆ ಬಂಜಾರ್ ಅನ್ನುತ್ತಾರೆ. ಬಂಜಾರ್‌ಗೆ ತನ್ನದೇ ಒಂದು ಚಾವಡಿ ಇರುತ್ತದೆ, ಗೋಡೆ ಇಲ್ಲ, ಕಂಬ ಮತ್ತು ಮಾಡು ಅಷ್ಟೇ. ಹಗಲೆಲ್ಲ ಗದ್ದೆಯಲ್ಲೋ ಹೋಟೆಲಿನಲ್ಲೋ ದುಡಿದವರು ರಾತ್ರಿ ಅಲ್ಲಿ ಸೇರಿ ಗಮೆಲಾನ್, ಅಂದರೆ ಅಲ್ಲಿನ ಕಂಚಿನ ವಾದ್ಯಗಳ ಮೇಳ, ಅಭ್ಯಾಸ ಮಾಡುತ್ತಾರೆ. ಇಪ್ಪತ್ತಕ್ಕೂ ಜಾಸ್ತಿ ಜನ, ಎಲ್ಲರ ಮುಂದೆಯೂ ಕಂಚು. ಚಪ್ಪಲಿ ಹೊರಗೆ. ವಾದ್ಯವನ್ನು ಯಾರೂ ದಾಟುವುದಿಲ್ಲ, ಎಷ್ಟೇ ಇಕ್ಕಟ್ಟಿದ್ದರೂ ಸುತ್ತಿಕೊಂಡೇ ಹೋಗುತ್ತಾರೆ. ಚಿಕ್ಕವಳಿದ್ದಾಗ ತಂಬೂರಿ ದಾಟಿದ್ದಕ್ಕೆ ಅಜ್ಜಿ ನನ್ನನ್ನು ವಾಪಸ್ ಕರೆದು ಮುಟ್ಟಿ ನಮಸ್ಕಾರ ಮಾಡಿಸಿದ್ದು ಆಗ ನೆನಪಾಯಿತು.

ಆದರೆ ನುಡಿಸಲು ಶುರು ಮಾಡಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಮಾತು: ಅಯ್ಯೋ, ಇವರು ಶ್ರುತಿ ಮಾಡಿಕೊಂಡಿಲ್ಲ.

ನನ್ನ ಕಿವಿ ಬೆಳೆದದ್ದೇ ಹಾಗೆ. ಹನ್ನೊಂದು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ. ನಮ್ಮ ಪಾಠದಲ್ಲಿ ತಂಬೂರಿ ಸೇರುವ ತನಕ ಸರಳೆ ವರಸೆಯ ಮೊದಲ ಸ ಕೂಡ ಬಾಯಿಂದ ಬರುವಂತಿರಲಿಲ್ಲ. ಎರಡು ತಂತಿ ಒಂದಕ್ಕೊಂದು ಸೇರಿಲ್ಲ ಅನ್ನುವುದು ಗೊತ್ತಾಗುವುದೇ ಈ ವಂವ್ ವಂವ್‌ನಿಂದ. ತಂತಿಗಳು ಹತ್ತಿರ ಬಂದ ಹಾಗೆ ನಡುಕ ನಿಧಾನವಾಗುತ್ತದೆ, ಸರಿಯಾಗಿ ಸೇರಿದ ಕ್ಷಣ ನಿಂತು ಹೋಗುತ್ತದೆ. ಆ ನಿಲ್ಲುವಿಕೆಗಾಗಿ ಕಾಯುವುದನ್ನೇ ನನಗೆ ಕಲಿಸಿದ್ದು. ಇಲ್ಲಿ ಯಾರೂ ಕಾಯುತ್ತಿಲ್ಲ, ಚಾವಡಿ ತುಂಬ ಅದೇ ನಡುಕ ತುಂಬಿಕೊಂಡಿದೆ, ಎಲ್ಲರೂ ನೆಮ್ಮದಿಯಾಗಿ ನುಡಿಸುತ್ತಿದ್ದಾರೆ.

ಅಭ್ಯಾಸ ಮುಗಿದ ಮೇಲೆ ಅಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಕರೆದು ಕೂರಿಸಿದರು. ವಾದ್ಯದ ಹೆಸರು ಗಂಗ್ಸಾ. ಬಲಗೈಯಲ್ಲಿ ಸುತ್ತಿಗೆ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಪಟ್ಟಿಯ ತುದಿ ಹಿಡಿದು ಸದ್ದು ನಿಲ್ಲಿಸಬೇಕು. ಮುಂದಿನ ಪಟ್ಟಿ ಹೊಡೆಯುವ ಹೊತ್ತಿಗೆ ಹಿಂದಿನದನ್ನು ಹಿಡಿದಿರಬೇಕು, ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ವೀಡಿಯೋದ ಶುರುವಿನಲ್ಲಿ ಕೇಳಿದಿರಲ್ಲ, ಆ ಮೂರು ಏಟು ಅವರು ಹೊಡೆದು ತೋರಿಸಿದ್ದು.

ಗಂಗ್ಸಾಗಳು ಜೋಡಿಯಲ್ಲೇ ಹುಟ್ಟುತ್ತವೆ. ಸ್ವಲ್ಪ ಕೆಳಗಿನ ಶ್ರುತಿಯದ್ದು ಪೆಂಗುಂಬಾಂಗ್, ಸ್ವಲ್ಪ ಮೇಲಿನದ್ದು ಪೆಂಗಿಸೆಪ್. ಎರಡೂ ಒಟ್ಟಿಗೆ ನುಡಿದಾಗ ಬರುವ ನಡುಕಕ್ಕೆ ಓಂಬಾಕ್ ಅಂತ ಹೆಸರು. ಓಂಬಾಕ್ ಅಂದರೆ ಅಲೆ, ಸಮುದ್ರದ ಅಲೆಗೂ ಅದೇ ಮಾತು. ಲೆಕ್ಕ ಸುಲಭ. ಒಂದು ಪಟ್ಟಿ ಸೆಕೆಂಡಿಗೆ 300 ಸಲ ಕಂಪಿಸಿ ಇನ್ನೊಂದು 307 ಸಲ ಕಂಪಿಸಿದರೆ, ಕಿವಿಗೆ ಸೆಕೆಂಡಿಗೆ 7 ಅಲೆ ಕೇಳುತ್ತದೆ. ಶ್ರುತಿ ಮಾಡುವವನು ಪಟ್ಟಿಯ ಕೆಳಗೆ ಮಧ್ಯದಲ್ಲಿ ಉಜ್ಜಿದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಉಜ್ಜಿದರೆ ಏರುತ್ತದೆ. ಹಾಗೆ ಉಜ್ಜಿ ಉಜ್ಜಿ ಕೆಳಗಿನ ಸ್ವರದಿಂದ ಮೇಲಿನವರೆಗೆ ಅಲೆಯ ವೇಗ ಸುಮಾರು ಒಂದೇ ಇರುವ ಹಾಗೆ ತರುತ್ತಾನೆ. ಯೋಚನೆ ಮಾಡಿ, ನಾನು ಅಪಶ್ರುತಿ ಅಂದುಕೊಂಡದ್ದು ಇಷ್ಟು ಹುಷಾರಾಗಿ, ಇಷ್ಟು ಅಳತೆಯಲ್ಲಿ ಮಾಡಿದ ಕೆಲಸ. ಅಲೆ ಇಲ್ಲದಿದ್ದರೆ ಸದ್ದಿಗೆ ಉಸಿರೇ ಇರುವುದಿಲ್ಲ ಅಂದರು ಆ ಹಿರಿಯರು.

ಇನ್ನೂ ಒಂದು ವಿಷಯ. ಈ ಮೇಳದ ಗಂಗ್ಸಾ ಒಯ್ದು ಪಕ್ಕದ ಊರಿನ ಮೇಳದಲ್ಲಿ ಇಟ್ಟರೆ ಸೇರುವುದಿಲ್ಲ. ಒಂದೊಂದು ಗಮೆಲಾನ್‌ನ ಶ್ರುತಿಯೂ ಅದರದ್ದೇ. ವಾದ್ಯಗಳೆಲ್ಲ ಒಂದೇ ಮನೆಯ ಮಕ್ಕಳಿದ್ದ ಹಾಗೆ, ಬಿಡಿಸುವಂತಿಲ್ಲ. ನುಡಿಸುವವರೂ ಅಷ್ಟೇ. ಕೊತೇಕಾನ್ ಅಂತ ಒಂದು ಕ್ರಮ ಇದೆ, ಒಂದೇ ವೇಗದ ಓಟವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬ ಬಿಟ್ಟ ಸಂದಿನಲ್ಲಿ ಇನ್ನೊಬ್ಬನ ಏಟು. ಕೇಳುವವನಿಗೆ ಒಂದೇ ಎಳೆ, ಮಳೆ ಸುರಿದ ಹಾಗೆ. ಅರ್ಧ ಪಾಲು ಮಾತ್ರ ಪ್ರತ್ಯೇಕವಾಗಿ ಕೇಳಿದರೆ ತಲೆಬುಡ ತಿಳಿಯುವುದಿಲ್ಲ.

ಆ ರಾತ್ರಿಯಿಂದ ನನ್ನ ಕೇಳುವ ರೀತಿಯೇ ಬದಲಾಯಿತು. ಸಂಗೀತದ ಮೂಲ ಅಂಶಗಳು ಅಂತ ಎಲ್ಲ ಪುಸ್ತಕದಲ್ಲೂ ಒಂದು ಪಟ್ಟಿ ಇರುತ್ತದೆ: ಸ್ವರ, ಲಯ, ನಾದದ ಬಣ್ಣ, ಸದ್ದಿನ ಏರಿಳಿತ. ಪಟ್ಟಿ ತಪ್ಪೇನಲ್ಲ. ಆದರೆ ಯಾವ ಊರಿನ ಜನ ಅದರಲ್ಲಿ ಯಾವುದಕ್ಕೆ ಕಿವಿ ಕೊಟ್ಟು ಕೂತಿದ್ದಾರೆ, ಯಾವುದನ್ನು ಬೇಕು ಅನ್ನುತ್ತಾರೆ, ಯಾವುದನ್ನು ಬೇಡ ಅನ್ನುತ್ತಾರೆ, ಅದು ಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಪಿಯಾನೋ ತೆಗೆದುಕೊಳ್ಳಿ. ಸರಿಯಾದ ಶ್ರುತಿ ಅಂದರೆ ಪಿಯಾನೋ ಅಂತ ಎಷ್ಟೋ ಜನ ನಂಬಿದ್ದಾರೆ. ನಿಜ ಹೇಳಬೇಕೆಂದರೆ ಪಿಯಾನೋದಲ್ಲೂ ಈ ಅಲೆ ಇದೆ. ಸ ದಿಂದ ಪ ಗೆ ಶುದ್ಧವಾಗಿ ಏರಿದರೆ ಕಂಪನ ಒಂದೂವರೆ ಪಟ್ಟು ಆಗುತ್ತದೆ. ಹೀಗೆ 12 ಸಲ ಪಂಚಮದಿಂದ ಪಂಚಮಕ್ಕೆ ಏರಿದರೆ ಮತ್ತೆ ಸ ಗೆ ಬಂದು ಸೇರಬೇಕು ಅನ್ನಿಸುತ್ತದೆ, ಸೇರುವುದಿಲ್ಲ. ಒಂದೂವರೆಯನ್ನು 12 ಸಲ ಗುಣಿಸಿದರೆ 129.75 ಹತ್ತಿರ ಬರುತ್ತದೆ. ಒಂದು ಸ್ಥಾಯಿ, ಅಂದರೆ ಸ ದಿಂದ ಮೇಲಿನ ಸ ಗೆ ಏರಿದರೆ ಕಂಪನ ಎರಡು ಪಟ್ಟು, ಹಾಗಾಗಿ 7 ಸ್ಥಾಯಿ ಏರಿದರೆ ಬರುವುದು 128. ಆ ಚೂರು ಮಿಕ್ಕೇ ಮಿಗುತ್ತದೆ, ಯಾರ ಕೈಯಲ್ಲೂ ಅದನ್ನು ಅಳಿಸಲು ಆಗುವುದಿಲ್ಲ. ಅದಕ್ಕೆ ಆ ತಪ್ಪನ್ನು 12 ಸ್ವರಕ್ಕೂ ಸಮನಾಗಿ ಹಂಚಿದರು. ಈ ಹಂಚಿಕೆಯ ಲೆಕ್ಕವನ್ನು ಚೀನಾದ ಮಿಂಗ್ ಮನೆತನದ ರಾಜಕುಮಾರ ಝೂ ಝೈಯು 1584ರಲ್ಲೇ ಕರಾರುವಾಕ್ಕಾಗಿ ಮಾಡಿ ಇಟ್ಟಿದ್ದ. ಯುರೋಪಿನ ಸಂಗೀತಕ್ಕೆ ಅದು ಬೇಕೇ ಬೇಕಿತ್ತು. ಅವರ ಜೀವ ಇರುವುದು ಹಲವು ಸ್ವರ ಒಟ್ಟಿಗೆ ನುಡಿಸುವುದರಲ್ಲಿ, ಒಂದು ಸ ದಿಂದ ಇನ್ನೊಂದು ಸ ಗೆ ನಡುವೆಯೇ ಹಾರುವುದರಲ್ಲಿ. ಅದಕ್ಕಾಗಿ ಅವರು ಸ ಜೊತೆ ಅಲೆಯಿಲ್ಲದೆ ಸೇರುವ ಗಾಂಧಾರವನ್ನು ಬಿಟ್ಟುಕೊಟ್ಟರು.

ತಂಬೂರಿಯ ಮಂದ್ರ ಸ ಮೀಟಿ ಸುಮ್ಮನೆ ಕೂತರೆ ಒಳಗಿಂದ ತಾನಾಗಿ ಒಂದು ಗ ಕೇಳುತ್ತದೆ. ಪಿಯಾನೋದ ಗ ಅದಕ್ಕಿಂತ 14 ಸೆಂಟ್ ಮೇಲೆ. ಆ 12 ಸ್ವರಗಳಲ್ಲಿ ಒಂದರಿಂದ ಪಕ್ಕದ ಸ್ವರಕ್ಕೆ ಇರುವ ದೂರದಲ್ಲಿ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಸಣ್ಣ ದೂರ ಅನ್ನಿಸಬಹುದು. ಈಗ ಎರಡನ್ನೂ ಕೇಳಿಸುತ್ತೇನೆ. ಇದು ತಂಬೂರಿಯದ್ದು. ಇದು ಕೀಬೋರ್ಡಿನದ್ದು. ಎರಡನೆಯದು ಸ್ವಲ್ಪ ಅವಸರದಲ್ಲಿ ಇದ್ದ ಹಾಗೆ ಇಲ್ಲವಾ? ಹಾರ್ಮೋನಿಯಂ ಬಗ್ಗೆ ನಮ್ಮಲ್ಲಿ ಎದ್ದ ಜಗಳದಲ್ಲಿ ಈ ದೂರವೂ ಒಂದು ಕಾರಣ. ಸ್ವರವನ್ನು ಓಲಾಡಿಸುವ ಗಮಕ ಬರುವುದಿಲ್ಲ, ಸ್ವರ ನಮ್ಮದಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, 1970ರ ದಶಕದ ಶುರುವಿನವರೆಗೂ ಒಳಗೆ ಬಿಡಲಿಲ್ಲ. ಅರಬ್ಬರ ಊದ್ ಅನ್ನುವ ತಂತಿ ವಾದ್ಯಕ್ಕೆ ವೀಣೆಗಿರುವಂಥ ಮೆಟ್ಟಿಲೇ ಇಲ್ಲ, ಅದರ ಮೇಲೆ ಬೆರಳು ನಮ್ಮ ಎರಡು ಸ್ವರಗಳ ನಡುವೆ ಎಲ್ಲೋ ನಿಲ್ಲುತ್ತದೆ, ಅವರಿಗೆ ಅದೇ ಮನೆಯ ಸ್ವರ.

ಇನ್ನು ನಾದದ ಬಣ್ಣ. ನನಗೆ ತುಂಬ ಇಷ್ಟವಾದ ಭಾಗ ಇದು. ಜಿಂಬಾಬ್ವೆಯ ಶೋನಾ ಜನರ ಮ್‌ಬಿರಾ ಅನ್ನುವ ವಾದ್ಯ. ಮರದ ಹಲಗೆ, ಅದರ ಮೇಲೆ ಕಬ್ಬಿಣದ ನಾಲಗೆಗಳು, ಎರಡು ಹೆಬ್ಬೆರಳು ಮತ್ತು ಬಲಗೈ ತೋರುಬೆರಳಿನಲ್ಲಿ ಮೀಟುತ್ತಾರೆ. ಸದ್ದು ದೊಡ್ಡದಾಗಲಿ ಅಂತ ಅದನ್ನು ಒಂದು ದೊಡ್ಡ ಸೋರೆ ಬುರುಡೆಯ ಒಳಗೆ ಇಟ್ಟು ನುಡಿಸುತ್ತಾರೆ. ಆ ಬುರುಡೆಗೂ ಹಲಗೆಗೂ ಹಿಂದೆ ಚಿಪ್ಪು ಕಟ್ಟುತ್ತಿದ್ದರು, ಈಗ ಸೋಡಾ ಬಾಟಲಿಯ ಮುಚ್ಚಳ. ಪ್ರತಿ ಸ್ವರಕ್ಕೂ ಝರ್ರ್ ಅಂತ ಒಂದು ಗುಂಯ್‌ಗುಡುವಿಕೆ ಅಂಟಿಕೊಳ್ಳುತ್ತದೆ. ಗೊತ್ತಿಲ್ಲದ ರೆಕಾರ್ಡಿಂಗ್‌ನವರು ಆ ಮುಚ್ಚಳ ಬಿಚ್ಚಿ ಅನ್ನಬಹುದು. ಹಿರಿಯರ ಆತ್ಮವನ್ನು ಕರೆಯುವ ರಾತ್ರಿ ಪೂಜೆಯಲ್ಲಿ ನುಡಿಸುವ ವಾದ್ಯ ಅದು, ಆ ಝರ್ರ್ ಇಲ್ಲದೆ ಅವರಿಗೆ ಅದು ಪೂರ್ತಿ ಅನ್ನಿಸುವುದಿಲ್ಲ.

ನಮಗೆ ಇದು ಹೊಸದೇನೂ ಅಲ್ಲ. ತಂಬೂರಿಯ ಕುದುರೆ ನೋಡಿ, ತಂತಿಗಳು ಒರಗುವ ತುಂಡು, ಕ್ಯಾಮೆರಾ ಹತ್ತಿರ ತರುತ್ತೇನೆ. ಮೇಲ್ಭಾಗ ಚೂಪಾಗಿಲ್ಲ, ಅಗಲ, ಸಣ್ಣಗೆ ಬಾಗಿದೆ. ತಂತಿಗೂ ಕುದುರೆಗೂ ನಡುವೆ ಕಾಣುತ್ತಿರುವ ಬಿಳಿ ಎಳೆ, ಅದು ಹತ್ತಿಯ ದಾರ, ಜೀವಾಳ ಅನ್ನುತ್ತೇವೆ. ದಾರ ತೆಗೆದು ಮೀಟಿದರೆ ಇಷ್ಟೇ, ಟೊಂಯ್. ಈಗ ದಾರವನ್ನು ಒಂದೊಂದೇ ಕೂದಲಿನಷ್ಟು ಸರಿಸುತ್ತೇನೆ. ಇನ್ನೂ ಇಲ್ಲ. ಇನ್ನೂ ಇಲ್ಲ. ಈಗ! ಸದ್ದು ಅರಳಿತು, ಅಲ್ವಾ? ತಂತಿ ಆ ಅಗಲ ಕುದುರೆಯನ್ನು ಮತ್ತೆ ಮತ್ತೆ ಸವರುತ್ತಾ ಮೇಲಿನ ಸ್ವರಗಳನ್ನೆಲ್ಲ ಎಬ್ಬಿಸುತ್ತದೆ. ಸಿ. ವಿ. ರಾಮನ್ ಅವರು ಬೆಂಗಳೂರಿಗೆ ಬರುವುದಕ್ಕೆ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ವೀಣೆ ಮತ್ತು ತಂಬೂರಿಯ ಈ ಕುದುರೆ ಬಗ್ಗೆಯೇ ಪ್ರಬಂಧ ಬರೆದಿದ್ದರು. ಮೃದಂಗದ ಕರಣೆ, ಅಂದರೆ ಚರ್ಮದ ನಡುವಿನ ಕಪ್ಪು ಲೇಪದ ಮೇಲೂ ಅವರ ಕೆಲಸ ಇದೆ. ಅಲ್ಲಿ ಬಾಟಲಿ ಮುಚ್ಚಳ, ಇಲ್ಲಿ ದಾರ. ಇಬ್ಬರೂ ಬರೀ ಸ್ವರ ಸಾಲದು ಅಂದವರೇ.

ಲಯಕ್ಕೆ ಬಂದರೆ ಒಂದೇ ಉದಾಹರಣೆ ಕೊಡುತ್ತೇನೆ. ಬಲ್ಗೇರಿಯಾದಲ್ಲಿ ರಚೆನಿತ್ಸಾ ಅಂತ ಒಂದು ಕುಣಿತ. ಎಣಿಕೆ ಏಳು: ಎರಡು, ಎರಡು, ಮೂರು. ಪಶ್ಚಿಮ ಯುರೋಪಿನ ಪಾಠಗಳಲ್ಲಿ ಇಂಥ ಲಯಕ್ಕೆ ವಿಷಮ ಅನ್ನುವ ಹೆಸರು. ಆ ಊರಿನ ಮದುವೆಯಲ್ಲಿ ಅಜ್ಜಿಯರೂ ಕುಣಿಯುತ್ತಾರೆ, ಯಾರೂ ಎಣಿಸುವುದಿಲ್ಲ. ನಮ್ಮ ಮಿಶ್ರಛಾಪು ತಾಳವೂ ಏಳೇ: ತಕಿಟ ತಕ ದಿಮಿ, ಮೂರು, ಎರಡು, ಎರಡು. ಅವರು ಕೊನೆಯಲ್ಲಿ ಉದ್ದ ಮಾಡುತ್ತಾರೆ, ನಾವು ಮೊದಲಿಗೆ ಮಾಡುತ್ತೇವೆ. ನಾನು ಅವರ ಹಾಡಿಗೆ ಚಪ್ಪಾಳೆ ಹಾಕಿದಾಗ ಮೊದಲ ಕೆಲವು ಸುತ್ತು ಕೈ ತಪ್ಪು ಜಾಗದಲ್ಲಿ ಬೀಳುತ್ತಿತ್ತು, ಆಮೇಲೆ ಉದ್ದದ ಮೂರು ಎಲ್ಲಿದೆ ಅಂತ ಕಿವಿ ಹುಡುಕಿಕೊಂಡಿತು, ಅಲ್ಲಿಂದ ಮುಂದೆ ಕೈ ಬಿಡಲೇ ಇಲ್ಲ.

ಬಾಲಿಯಿಂದ ಬಂದ ವಾರದಲ್ಲಿ ಮನೆಯ ತಂಬೂರಿಗೆ ಹೊಸ ತಂತಿ ಹಾಕಿದೆ. ನಡುವಿನ ಎರಡು ತಂತಿ, ಸಾರಣಿ ಮತ್ತು ಅನುಸಾರಣಿ, ಎರಡೂ ಒಂದೇ ಸ. ಬಿರಡೆ ತಿರುಗಿಸಿ ಹತ್ತಿರ ತಂದೆ, ಕೊನೆಯ ಚೂರಿಗೆ ಕೆಳಗಿನ ಮಣಿ ಸರಿಸುತ್ತಿದ್ದೆ. ವಂವ್ ವಂವ್ ವಂವ್. ಇನ್ನು ಅರ್ಧ ಕೂದಲಿನಷ್ಟು ಸರಿಸಿದರೆ ನಿಲ್ಲುತ್ತದೆ. ಕೈ ಅಲ್ಲೇ ತಡೆಯಿತು. ಹಾಗೇ ಮೀಟುತ್ತಾ ಕೂತೆ, ಎಷ್ಟು ಹೊತ್ತೋ. ಕಿಟಕಿಯ ಆಚೆ ತರಕಾರಿ ಗಾಡಿಯವರ ಕೂಗು, ಒಳಗೆ ಸ ಗಳ ನಡುವೆ ಆ ಅಲೆ. ಅಷ್ಟರಲ್ಲಿ ಗೇಟು ಸದ್ದಾಯಿತು, ಪಾಠಕ್ಕೆ ಮಕ್ಕಳು ಬಂದರು. ಮಣಿ ಸರಿಸಿದೆ. ಅಲೆ ನಿಂತಿತು. ಸ ಹೇಳಿ ಅಂದೆ.